ಕುರು ಎಂದವರು

"ಯಾಕೆ? ಕಾರಣ ಹೇಳಿ," ಎಂದರು ತಾರಾನಾಥರು.

ಡೊಂಬಿವಲಿಯ ಕಣ್ಣಿನ ಡಾಕ್ಟರು ಆಗಲೇ ಚೀಟಿ ಬರೆದು ಮುಗಿಸಿದ್ದ. ತಾರಾನಾಥರ ಹೆಂಡತಿ ನಳಿನಾಕ್ಷಿಯವರ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿದ್ದ ಗಂಟನ್ನು ಹೊರಗಿನಿಂದಲೇ ಬೆರಳಿನಿಂದ ಒತ್ತಿ ನೋಡಿ, ಕುರು ಎಂದಿದ್ದ. ಬಿಸಿ ಬಟ್ಟೆ ಒತ್ತಿ, ಮುಲಾಮು ಹಚ್ಚಿದರೆ ಹೋಗಿಬಿಡುತ್ತದಂತೆ.

"ಕಾರಣ ಏನು ಕಾಕಾ? ಕುರು ಅಂದರೆ ಕುರು. ದಿನಾ ಇಂಥವು ಬರ್ತಾವೆ. ಟೆನ್ಶನ್ ಮತ್ ಲೋ."

"ರೆಪ್ಪೆ ಮಗುಚಿ ನೋಡಿದಿರಾ?"

ಡಾಕ್ಟರು ನಕ್ಕ. "ಗೂಗಲ್ ಮಾಡಿಕೊಂಡು ಬಂದಿದ್ದೀರಾ?"

ತಾರಾನಾಥರು ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. "ಇವನನ್ನು ಪಾಸು ಮಾಡಿದವನ ಕಣ್ಣನ್ನು ಮೊದಲು ಪರೀಕ್ಷೆ ಮಾಡಿಸಬೇಕು," ಎಂದು ಹೊರಗೆ ಕಾದು ಕೂತವರಿಗೆಲ್ಲ ಕೇಳಿಸುವಂತೆ ಹಿಂದಿಯಲ್ಲಿ ಹೇಳಿದರು. ನಳಿನಾಕ್ಷಿ ಡಾಕ್ಟರಿಗೆ ಕೈಮುಗಿದು ಗಂಡನ ಹಿಂದೆಯೇ ಹೊರಟರು.

ಬದಲಾಪುರದ ಅವರ ಕಟ್ಟಡದಲ್ಲಿ ಈ ನಾಲಿಗೆಯ ರುಚಿ ಕಾಣದವರಿರಲಿಲ್ಲ. ಮಗಳ ಮನೆ ಹತ್ತಿರವೆಂದು ಈಚೆಗೆ ಬಂದು ಫ್ಲ್ಯಾಟು ಕೊಂಡವರು. ಕರಾವಳಿಯವರು, ನಿವೃತ್ತರು; ಅಂದಮೇಲೆ ಬ್ಯಾಂಕಿನವರೇ ಎಂದು ಸೊಸೈಟಿಯವರು ತೀರ್ಮಾನಿಸಿದ್ದರು. ತಾರಾನಾಥರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಲಿಫ್ಟು ಕೆಟ್ಟರೆ ರಿಪೇರಿ ಮಾಡಿಸುವುದು ಬಿಟ್ಟು ಮೀಟಿಂಗು ಕರೆಯುವ ಮಂದಿಯ ಜೊತೆ ಎಂಥ ಮಾತು?

ಕಲ್ಯಾಣದ ಡಾಕ್ಟರು ಇನ್ನೂ ಕಡೆ. ಅವನ ಯಂತ್ರದಲ್ಲಿ ಗಲ್ಲ ಇಡುವ ಜಾಗ ಹಿಂದಿನ ರೋಗಿಯ ಬೆವರಿನಿಂದ ಅಂಟಂಟಾಗಿತ್ತು. ತಾರಾನಾಥರು ಕರ್ಚೀಫು ತೆಗೆದು ತಾವೇ ಒರೆಸಿ, ಹೆಂಡತಿಯ ಗಲ್ಲವನ್ನು ಅಲ್ಲಿ ಕೂರಿಸಿದರು. ಡಾಕ್ಟರು ರೆಪ್ಪೆಯನ್ನು ಮಗುಚಿದ, ನಿಜ. ಆದರೆ ಅಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು, ಅವನ ಒಂದು ಕಣ್ಣು ಆ ಕಡೆ ಹೋಯಿತು.

"ಕುರುವೇ. ಕೊಯ್ದು ಕೆರೆದುಬಿಡೋಣ."

"ರೆಪ್ಪೆಗೂದಲು ಉದುರಿದೆಯಲ್ಲ? ಅದಕ್ಕೇನು ಹೇಳುತ್ತೀರಿ?"

"ವಯಸ್ಸಾಯಿತಲ್ಲ ಅಂಕಲ್."

ತಾರಾನಾಥರು ಅವನ ಬೋಳು ನೆತ್ತಿಯನ್ನು ದಿಟ್ಟಿಸಿದರು. "ನಿಮ್ಮದು ಉದುರಿದ್ದೂ ವಯಸ್ಸಿಗೋ, ಇಲ್ಲಾ ಒಳಗೆ ಬೇರು ಹಿಡಿಯಲು ಏನೂ ಇಲ್ಲವೆಂದೋ?"

ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುತ್ತ ನಿಂತಾಗ ನಳಿನಾಕ್ಷಿ ಮೆಲ್ಲಗೆ ಕೇಳಿದರು. "ಇಬ್ಬರೂ ಕುರು ಅಂತಲೇ ಹೇಳಿದ್ರಲ್ಲ. ನಿಮಗೆ ಯಾಕೆ ಒಪ್ಪಲಿಕ್ಕೆ ಆಗುವುದಿಲ್ಲ?"

"ಕಾರಣ ಕೊಟ್ಟರೆ ಒಪ್ಪುತ್ತೇನೆ. ಒಂದೇ ಒಂದು ಕಾರಣ. ಈ ಕತ್ತೆಗಳಿಗೆ ಅದೂ ಗೊತ್ತಿಲ್ಲ!" ದನಿ ಏರಿದ್ದಕ್ಕೆ ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

"ಹಾಗಾದ್ರೆ ಥಾಣೆಯ ದೊಡ್ಡ ಆಸ್ಪತ್ರೆಗೇ ಹೋಗುವ."

"ಬೇಡ. ಅಲ್ಲಿ ಗುರುತಿನವರು ಯಾರಾದರೂ ಸಿಗುತ್ತಾರೆ."

ಕಂಡವರೊಡನೆಲ್ಲ ಜಗಳ ಕಾಯುವ ಮನುಷ್ಯನಿಂದ ಬೇರೆ ಉತ್ತರ ಬರುವಂತಿರಲಿಲ್ಲ.

ಮೂರನೆಯದು ಐರೋಲಿ. ಮೊಬೈಲ್ ಅಂಗಡಿ, ವಡಾಪಾವ್ ಗಾಡಿಗಳ ನಡುವೆ ಸಿಕ್ಕಿಕೊಂಡ ಪುಟ್ಟ ಕ್ಲಿನಿಕ್ಕು. ಡಾಕ್ಟರು ದಾನೇಶ್ವರಿ, ವಿಜಯಪುರದ ಕಡೆಯವಳು, ಓದು ಮುಗಿಸಿ ಹೆಚ್ಚು ದಿನವಾದಂತಿರಲಿಲ್ಲ. ಕನ್ನಡ ಕೇಳಿ ನಳಿನಾಕ್ಷಿಯವರ ಮುಖ ಅರಳಿತು. "ಶಾಲೆಯ ಹುಡುಗಿ," ಎಂದು ತಾರಾನಾಥರು ಗೊಣಗಿದರು.

"ಅಂಕಲ್, ನೀವು ಹೊರಗ ಕುಂದ್ರತೀರೇನ್ರಿ?"

"ಇಲ್ಲೇ ನಿಲ್ಲುತ್ತೇನೆ. ನಿಮ್ಮ ಕೈ ನೋಡಬೇಕು."

ದಾನೇಶ್ವರಿ ಆ ಕೈಯನ್ನು ಸೋಪು ಹಚ್ಚಿ ತೊಳೆದಳು. ರೆಪ್ಪೆಯನ್ನು ನವುರಾಗಿ ಮಗುಚಿ, ಒಳಮೈಯನ್ನು ತುದಿಯಿಂದ ತುದಿಗೆ ನೋಡಿದಳು. ಕೆಳರೆಪ್ಪೆ ನೋಡಿದಳು. ಇನ್ನೊಂದು ಕಣ್ಣನ್ನೂ ನೋಡಿದಳು. ಬಳಿಕ ಕಿವಿಯ ಮುಂದೆ, ದವಡೆಯ ಕೆಳಗೆ ಬೆರಳಾಡಿಸಿ ಗಡ್ಡೆಗಾಗಿ ತಡಕಿದಳು. ಬಾಗಿಲಿನಿಂದ ಬೋರ್ಡಿನ ತನಕ ಎಲ್ಲವನ್ನೂ ಹಳಿಯುತ್ತಿದ್ದ ತಾರಾನಾಥರ ಗೊಣಗಾಟ ಕಡಿಮೆಯಾಗುತ್ತ ಬಂದು, ಆ ಬೆರಳು ದವಡೆಗೆ ಹೋದಾಗ ನಿಂತೇ ಹೋಯಿತು.

"ಕುರು ಅಲ್ಲವಾ?" ಎಂದರು. "ಎಲ್ಲರೂ ಹೇಳಿದ್ದಾರೆ. ನೀವೂ ಹೇಳಿಬಿಡಿ. ಕಾರಣ ಒಂದು ಕೊಡಿ, ಸಾಕು."

ದಾನೇಶ್ವರಿ ಅವರ ಕಡೆ ನೋಡದೆ ನಳಿನಾಕ್ಷಿಯವರ ಕೈ ಹಿಡಿದಳು.

"ಅಮ್ಮಾರ, ಇದು ಕುರು ಕಂಡಂಗ ಕಾಣವಲ್ದು. ರೆಪ್ಪಿ ಒಳಗ ಹಳದಿ ಐತಿ, ಗಟ್ಟಿ ಐತಿ, ಅದರ ಮ್ಯಾಲಿನ ಕೂದಲಾ ಉದುರ್ಯಾವ. ರೆಪ್ಪಿ ಒಳಗ ಎಣ್ಣಿ ಗ್ರಂಥಿ ಇರ್ತಾವ, ಅದರ ಕ್ಯಾನ್ಸರ್ ಇರಬಹುದಂತ ನನಗ ಸಂಶೆ. ಭಾಳ ಅಪರೂಪದ್ದು, ಕುರು ಅಂತ ಮೋಸ ಮಾಡ್ತದ. ಒಂದು ತುಣುಕು ತಗದು ಪರೀಕ್ಷಾಕ್ಕ ಕಳಸೂಣ. ಕಿವಿ, ದವಡಿ ಕಡೆ ಗಡ್ಡಿ ಎಲ್ಲೂ ಕೈಗೆ ಹತ್ತಿಲ್ಲ, ಅಂದ್ರ ಇನ್ನೂ ಹಬ್ಬಿದಂಗಿಲ್ಲ. ಈಗ ಹಿಡದ್ರ ಕಣ್ಣೂ ಉಳೀತದ, ನೀವೂ ಉಳೀತೀರಿ."

ಇಷ್ಟು ಹೇಳಿ, ಬೈಗುಳಕ್ಕೆ ಸಿದ್ಧಳಾಗಿ ತಾರಾನಾಥರ ಕಡೆ ತಿರುಗಿದಳು.

ಅವರು ಕೈಚಾಚಿ ಕುರ್ಚಿಯನ್ನು ಹುಡುಕಿ ಕುಸಿದು ಕೂತರು. "ಒಂದು ತಪ್ಪೂ ಇಲ್ಲ," ಎಂದರು. "ನೀವು ನೋಡಿದ್ದರಲ್ಲಿ ಒಂದು ತಪ್ಪೂ ಇಲ್ಲ." ಆಮೇಲೆ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಭುಜಗಳು ಅಲುಗತೊಡಗಿದವು.

ದಾನೇಶ್ವರಿ ಗಾಬರಿಯಾಗಿ ನೀರಿನ ಲೋಟ ತಂದಳು. "ಅಂಕಲ್‌ಗ ಡಾಕ್ಟರ್ ಮಂದಿ ಮ್ಯಾಲ ಮೊದಲಿಂದ ನಂಬಿಗಿ ಇಲ್ಲೇನ್ರಿ ಅಮ್ಮಾರ?"

ನಳಿನಾಕ್ಷಿ ಗಂಡನ ಬೆನ್ನು ಸವರುತ್ತ ಹೇಳಿದರು: "ಉಡುಪಿಯಲ್ಲಿ ಮುದುಕರಾಗುವ ತನಕ ಇವರೇ ಕಣ್ಣಿನ ಡಾಕ್ಟ್ರು ಮಗಳೇ, ನನ್ನ ರೆಪ್ಪೆ ಮಗುಚಿ ನೋಡಿದ ದಿನವೇ ಇವರಿಗೆ ಗೊತ್ತಾಯ್ತು, ಇವರ ಮುಖ ನೋಡಿ ನನಗೂ ಗೊತ್ತಾಯ್ತು — ಇವರು ನೋಡಿದ್ದು ಸುಳ್ಳು ಅಂತ ಹೇಳುವವರು ಒಬ್ಬರಾದರೂ ಸಿಗಲಿ ಅಂತ ನಾವಿಬ್ಬರೂ ತಿರುಗ್ತಾ ಇದ್ದದ್ದು."