ರುದ್ರಮುನಿಯ ಅಂಗೈ

"ತಣ್ಣಗದಾಳವ್ವ. ಜ್ವರ ಇಲ್ಲ, ಏನಿಲ್ಲ," ಎಂದು ರುದ್ರಮುನಿ ಹೆಂಡತಿಯ ಹಣೆಯಿಂದ ಅಂಗೈ ತೆಗೆದ.

ದ್ರಾಕ್ಷಾಯಿಣಿ ಕೌದಿ ಮೇಲೆ ಕೌದಿ ಹೊದ್ದಿದ್ದಳು. ಕ್ಯಾನ್ಸರಿಗೆ ಕಿಮೊ ಕೊಟ್ಟು ವಾರವಾಗಿತ್ತು. 'ಈಗ ಮೈಯಲ್ಲಿ ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. ಜ್ವರ ಬಂದರೆ ಗುಳಿಗೆ ನುಂಗಿಸಿ ಕಾಯಬೇಡಿ, ನೆಟ್ಟಗೆ ಇಲ್ಲಿಗೇ ಬನ್ನಿ' ಎಂದು ಹಾವೇರಿಯ ಡಾಕ್ಟರು ಹೇಳಿ, ಥರ್ಮಾಮೀಟರನ್ನೂ ಕೊಡಿಸಿದ್ದರು. ಅದು ದೇವರ ಜಗಲಿಯ ಮೇಲೆ ಭದ್ರವಾಗಿತ್ತು.

"ಆ ಕಡ್ಡಿ ಹಚ್ಚಿ ನೋಡೋ," ಎಂದಳು ತಾಯಿ ಉಡಚವ್ವ.

"ಕಡ್ಡಿ ಯಾಕಬೇ? ಚೀಲದಾಗ ಕೈ ಇಟ್ಟು ಮೆಣಸಿನಕಾಯಿ ಎಷ್ಟು ಹಸಿ ಐತಿ ಅಂತ ಹೇಳೋ ಕೈ ಇದು. ಬ್ಯಾಡಗಿ ಪ್ಯಾಟಿ ತುಂಬ ಇದರ ಮಾತು ನಡೀತೈತಿ."

"ಹೆಂಡ್ತಿ ಏನು ಮೆಣಸಿನಕಾಯಿ ಚೀಲೇನೋ?"

"ಖಾರಕ್ಕಂತೂ ಏನೂ ಕಮ್ಮಿ ಇಲ್ಲ."

ಕೌದಿಯೊಳಗೆ ದ್ರಾಕ್ಷಾಯಿಣಿ ನಕ್ಕಳು. ನಗು ನಿಂತ ಮೇಲೂ ಕೌದಿ ನಡುಗುತ್ತಲೇ ಇತ್ತು.

ಉಡಚವ್ವ ಮಗನ ಅಂಗೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಅಯ್ಯ, ಇದು ಕೈಯೋ, ಹಂಚೋ? ದಿನಾಪೂರ್ತಿ ಮೆಣಸಿನಕಾಯಾಗ ಆಡಿ ಉರಿಯಾಕತ್ತೈತಿ. ಈ ಕೈಗೆ ಒಲಿನೂ ತಣ್ಣಗ ಅನಸ್ತೈತಿ!"

ಥರ್ಮಾಮೀಟರು ನೂರಾ ಎರಡು ತೋರಿಸಿತು.

ರುದ್ರಮುನಿ ನೆರೆಮನೆಯ ಶಾಕೀರನ ಕಾರು ಕರೆಸಿದ. ಹಾವೇರಿಯ ದಾರಿಯಲ್ಲಿ ಮೋಟೆಬೆನ್ನೂರು ದಾಟಿದರೂ ಅಂಗೈಗಳನ್ನು ತೊಡೆಯಡಿ ಅಡಗಿಸಿಕೊಂಡೇ ಕುಳಿತಿದ್ದ.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡವರೇ, ವರದಿಗೂ ಕಾಯದೆ, ಸೋಂಕಿನ ಮದ್ದನ್ನು ನರಕ್ಕೆ ಏರಿಸಿದರು. "ಇನ್ನೊಂದೀಟು ತಡಾ ಮಾಡಿದ್ರ ಕಷ್ಟ ಇತ್ರಿ," ಎಂದರು ಡಾಕ್ಟರು. ಅವಳ ಹತ್ತಿರ ಹೋಗುವವರು ಪ್ರತಿಸಲವೂ ಸೋಪು ಹಚ್ಚಿ ಕೈ ತೊಳೆಯಬೇಕು ಎಂದೂ ಹೇಳಿದರು. ರುದ್ರಮುನಿ ಮೊಣಕೈತನಕ ತಿಕ್ಕಿದ. ತೊಳೆದದ್ದನ್ನೇ ಮತ್ತೆ ತೊಳೆದ. ನರ್ಸಮ್ಮ "ಸಾಕ್ರಿ, ನಳಾ ಬಂದ್ ಮಾಡ್ರಿ" ಎನ್ನುವವರೆಗೂ ತೊಳೆದ. ಪೇಟೆಯ ಕಡೆ ತಲೆ ಹಾಕಲಿಲ್ಲ.

ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯಿತು. ದ್ರಾಕ್ಷಾಯಿಣಿ ತಾನಾಗಿಯೇ ಗಂಜಿ ಕೇಳಿದಳು. ರುದ್ರಮುನಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

"ಯಾಕ್ರಿ, ಅಳಾಕತ್ತೀರೇನು?"

"ಛೇ! ಕೈಯಾಗ ಮೆಣಸಿನಕಾಯಿ ಘಾಟು ಇರತೈತಲ್ಲ, ಕಣ್ಣಿಗೆ ಹತ್ತಿತು."

ದ್ರಾಕ್ಷಾಯಿಣಿ ಅವನ ಕೈ ಎಳೆದುಕೊಂಡು ಮೂಸಿ ನೋಡಿದಳು.

"ಬರೇ ಸೋಪಿನ ವಾಸನಿ ಬರಾಕತ್ತೈತಲ್ರಿ."