ಚಿತ್ರದಲ್ಲಿ ಇದ್ದ ಹಾಗೆ

"ಎಲ್ಲಾ ಸರಿ, ಬಿಳಿ ನಾಯಿ ಎಲ್ರೀ?" ಆಯುಕ್ತರು ಕೇಳಿದರು.

ವಿನ್ಯಾಸಕಾರ ನಕ್ಕ. ಆಯುಕ್ತರು ನಗಲಿಲ್ಲ. ಅವರ ಕೈಯಲ್ಲಿ ಹೊಳೆದಂಡೆ ಉದ್ಯಾನದ ಬಣ್ಣದ ಚಿತ್ರವಿತ್ತು. ಕೆಲಸ ಶುರುವಾಗುವ ಮೊದಲು ಅವರೇ ರುಜು ಹಾಕಿ ಒಪ್ಪಿದ್ದು. ಅದರಲ್ಲಿ ಕೆಂಪು ಕೊಡೆಯ ಹೆಂಗಸೊಬ್ಬಳು, ಸೈಕಲ್ ಸವಾರನೊಬ್ಬ, ಒಂದು ಬಿಳಿ ನಾಯಿ. ನಾಳೆ ಉದ್ಘಾಟನೆ. ಚಿತ್ರದಂತೆ ಕೆಲಸ ಮುಗಿದಿದೆ ಎಂದು ಇವತ್ತು ಇವರು ಇನ್ನೊಂದು ರುಜು ಹಾಕದಿದ್ದರೆ ವಿನ್ಯಾಸಕಾರನ ಮೂರು ವರ್ಷದ ದುಡಿಮೆ ಮಣ್ಣುಪಾಲು.

"ಅದು ಸುಮ್ನೆ ಅಂದಕ್ಕೆ ಹಾಕಿದ್ದು ಸಾರ್. ಇದು ಜೀವಂತ ವ್ಯವಸ್ಥೆ. ಹೊಳೆ ಏರುತ್ತೆ, ಇಳಿಯುತ್ತೆ. ಜೊಂಡು ಬೆಳೆಯುತ್ತೆ, ಹಕ್ಕಿ ಬರುತ್ತೆ. ಜನ ತಮಗೆ ಬೇಕಾದ ಕಡೆ ದಾರಿ ಮಾಡ್ಕೊಳ್ತಾರೆ. ಈ ವರ್ಷ ಇದ್ದ ಹಾಗೆ ಮುಂದಿನ ವರ್ಷ ಇರಲ್ಲ."

"ಬದಲಾಗ್ಲಿ ಬಿಡ್ರೀ, ಬೇಡ ಅಂದೋರ್ಯಾರು? ಚಿತ್ರದಲ್ಲಿ ಇದ್ದ ಹಾಗೆ ಬದಲಾಗ್ಲಿ."

ಮಾತು ಬೆಳೆಸಿ ಲಾಭವಿರಲಿಲ್ಲ. ಆತ ಪಕ್ಕಕ್ಕೆ ಸರಿದು ಹೆಂಡತಿಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಅವಳು ಕೆಂಪು ಕೊಡೆಯ ಜೊತೆಗೆ ತಮ್ಮನನ್ನೂ ಅವನ ಸೈಕಲನ್ನೂ ಹೊರಡಿಸಿಕೊಂಡು ಬಂದಳು. ತಮ್ಮನ ಕರಿ ನಾಯಿ ಮೈತುಂಬ ಪೌಡರ್ ಬಳಿಸಿಕೊಂಡು ಸೀನುತ್ತಾ ಹಿಂದೆ ಬಂತು.

"ಏನ್ರೀ, ಮಳೆನೂ ಇಲ್ಲ ಬಿಸಿಲೂ ಇಲ್ಲ. ಕೊಡೆ ಬಿಚ್ಚಿ ನಿಂತ್ರೆ ನೋಡ್ದೋರು ಏನಂತಾರೆ?"

"ಐದೇ ನಿಮಿಷ ಕಣೇ, ನಿನ್ನ ದಮ್ಮಯ್ಯ."

"ಭಾವ, ನಾನು ಎತ್ತ ನೋಡ್ಲಿ?"

"ಮುಂದೆ ನೋಡೋ. ನಗ್ತಾ ಇರು."

ಆಯುಕ್ತರು ಒಬ್ಬೊಬ್ಬರನ್ನೇ ಚಿತ್ರಕ್ಕೆ ತಾಳೆ ನೋಡಿದರು. ನಾಯಿಯನ್ನು ಎರಡು ಸಲ ನೋಡಿದರು. ತೃಪ್ತಿಯಾಗಿ ಪೆನ್ನು ತೆಗೆದವರು ತಟ್ಟನೆ ನಿಂತರು. ಜೊಂಡಿನ ಮಗ್ಗುಲಲ್ಲಿ ಮುದುಕನೊಬ್ಬ ಕಲ್ಲಿನ ಮೇಲೆ ಕೂತು ಗಾಳ ಹಾಕಿದ್ದ.

"ಅವನ್ಯಾರು?"

"ದಿನಾ ಬರ್ತಾರೆ ಸಾರ್. ಅವರು ಕೂತ್ಕೊಳ್ಳಲಿ ಅಂತಾನೇ ಆ ಕಲ್ಲು ಬಿಟ್ಟಿದ್ದು."

ಆಯುಕ್ತರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಮೂಲೆಮೂಲೆ ಹುಡುಕಿದರು. "ಇದರಲ್ಲಿ ಇಲ್ವಲ್ರೀ."

ವಿನ್ಯಾಸಕಾರ ಈ ಮುದುಕನಂಥವರನ್ನು ನೆನೆದೇ ಇಡೀ ದಂಡೆ ರೂಪಿಸಿದ್ದ. ಚಿತ್ರದೊಳಗೆ ಮಾತ್ರ ಕಂಪ್ಯೂಟರಿನಲ್ಲಿ ಸಿಕ್ಕ ಸಿದ್ಧ ಗೊಂಬೆಗಳನ್ನು ಅಂಟಿಸಿಬಿಟ್ಟಿದ್ದ. ಅವನಿಗೆ ನಾಚಿಕೆಯಾಯಿತು. ಆದರೂ ಹೋದ.

"ಅಜ್ಜಾ, ಸ್ವಲ್ಪ ಆಚೆ ಕೂತ್ಕೋತೀರಾ?"

"ಆಚೆ ಅಂದ್ರೆ ಎಲ್ಲಪ್ಪಾ?"

ಆತ ಸುತ್ತ ನೋಡಿದ. ಕಣ್ಣು ಹಾಯುವಷ್ಟೂ ದೂರ ಅವನದೇ ಉದ್ಯಾನ. ಕೊನೆಗೆ ರಸ್ತೆ ಕಡೆ ಕೈ ತೋರಿಸಿದ. ಮುದುಕ ಗಾಳ ಸುತ್ತಿಕೊಂಡು, ಅವನ ಮುಖವನ್ನೊಮ್ಮೆ ನೋಡಿ ಎದ್ದು ಹೋದ.

ಆಯುಕ್ತರು ರುಜು ಹಾಕಿದರು.

"ಆಯ್ತಲ್ಲ ಸಾರ್, ನಾವಿನ್ನು ಮನೆಗೆ ಹೋಗ್ಬಹುದಾ?" ಎಂದಳು ಹೆಂಡತಿ.

"ಮನೆಗಾ? ಐದು ವರ್ಷದ ನಿರ್ವಹಣೆನೂ ನಿಮ್ಮ ಯಜಮಾನ್ರದ್ದೇ ಅಲ್ವೇನಮ್ಮಾ?" ಎಂದ ಆಯುಕ್ತರು, ಗಾಳಿಗೆ ವಾಲಿದ್ದ ಅವಳ ಕೊಡೆಯನ್ನು ಚಿತ್ರ ನೋಡಿ ನೆಟ್ಟಗೆ ಮಾಡಿ, ಕಾರು ಹತ್ತಿದರು.