ಸಂಜೆ ಪ್ರಾರ್ಥನೆಯ ಒಬ್ಬ ಕೇಳುಗ

"ಆ ಕೇಬಲ್ ಮುಟ್ಟಬೇಡ," ಮಾರ್ಟಿ ತಲೆಯೆತ್ತದೆ ಗದರಿದ. "ನಿನ್ನ ಕೈ ತಗುಲಿದ್ರೆ ನಂದಕ್ಕೂ ವಿಂಡೋಸ್ ಅಂಟಿಕೊಳ್ಳುತ್ತೆ."

"ಅಂಟಿಕೊಂಡ್ರೆ ಒಳ್ಳೇದೇ ಆಯ್ತು. ನಿನ್ನ ಲಿನಕ್ಸೂ ಮನುಷ್ಯರ ಜೊತೆ ಮಾತಾಡೋದು ಕಲಿಯುತ್ತೆ," ಎಂದ ಎನ್ಸಿಯೊ, ಏದುಸಿರು ಬಿಡುತ್ತ. ಚರ್ಚಿನ ಆರ್ಗನ್ ಅಟ್ಟಕ್ಕೆ ಬರುವ ಸುರುಳಿ ಮೆಟ್ಟಿಲು ಈ ಚಳಿಗಾಲ ಅವನ ಪಾಲಿಗೆ ಇನ್ನಷ್ಟು ಉದ್ದವಾಗಿತ್ತು.

ಕೆಳಗೆ ಭಾನುವಾರದ ಸಂಜೆ ಪ್ರಾರ್ಥನೆಗೆ ನಾಲ್ಕಾರು ಮುದುಕಿಯರು ಕೋಟು ಬಿಚ್ಚದೆ ಕೂತಿದ್ದರು. ಮೇಲೆ ಒಂದು ಮೇಜು, ಎರಡು ಲ್ಯಾಪ್‌ಟಾಪ್. ಮಾರ್ಟಿಯದು ಲಿನಕ್ಸ್, ಪ್ರಾರ್ಥನೆಯ ಧ್ವನಿಯನ್ನು ಇಂಟರ್‌ನೆಟ್ಟಿಗೆ ಕಳಿಸುವುದು ಅದರ ಕೆಲಸ. ಎನ್ಸಿಯೊನದು ವಿಂಡೋಸ್, ಪ್ರಸಾರ ನಿಂತರೆ ತಕ್ಷಣ ತಾನು ವಹಿಸಿಕೊಳ್ಳಲು ಅದು ಇಂಟರ್‌ನೆಟ್ಟಿನಲ್ಲಿ ಕಿವಿಯಿಟ್ಟು ಕಾವಲು ಕೂತಿರುತ್ತಿತ್ತು. ಬಂದರಿನ ಕಚೇರಿಯಲ್ಲಿ ಜೊತೆಗೆ ದುಡಿದ ದಿನಗಳಿಂದಲೂ ಇಬ್ಬರದೂ ಇದೇ ಜಗಳ. ಒಬ್ಬನ ಯಂತ್ರದೊಳಗೆ ಇನ್ನೊಬ್ಬ ಇಣುಕಿಯೂ ನೋಡುತ್ತಿರಲಿಲ್ಲ. ಅದೊಂದು ಮಡಿ.

ಮಾರ್ಟಿಯ ಪರದೆಯ ಮೂಲೆಯಲ್ಲಿ ಕೇಳುಗರ ಸಂಖ್ಯೆ: ಒಂದು.

ಅದು ಯಾವಾಗಲೂ ಒಂದೇ. ಎನ್ಸಿಯೊ ಮೆಟ್ಟಿಲು ಹತ್ತಿ ಬಂದು, ಕೂತು, ಸುಧಾರಿಸಿಕೊಳ್ಳುವಷ್ಟರಲ್ಲಿ ಆ ಒಬ್ಬ ಬಂದಿರುತ್ತಿದ್ದ. ಹಿಮಗಾಳಿಗೆ ಹೆದರಿ ಕೆಳಗೆ ಯಾರೂ ಬಾರದ ಸಂಜೆಯೂ, ಪಾದ್ರಿ ಐಲಾ ಖಾಲಿ ಬೆಂಚುಗಳಿಗೆ ಕೀರ್ತನೆ ಓದಿ ಮುಗಿಸುವವರೆಗೆ ಅವನು ಕದಲಿರಲಿಲ್ಲ.

ಅವನು ಯಾರೆಂದು ಎನ್ಸಿಯೊಗೆ ಗೊತ್ತಿತ್ತು. ಅಪ್ಪನ ದೋಣಿಯ ವಿಷಯಕ್ಕೆ ಮುನಿದು ಸ್ವೀಡನ್ನಿಗೆ ಹೋದ ತಮ್ಮ ಅರ್ವಿ. ಹೋದವನು ಮಾತನ್ನೇ ಬಿಟ್ಟಿದ್ದ. ಪ್ರಸಾರ ಶುರುವಾದಾಗ ಅದರ ವಿಳಾಸವನ್ನು ಎನ್ಸಿಯೊ ಒಂದು ಕಾರ್ಡಿನಲ್ಲಿ ಬರೆದು ಕಳಿಸಿದ್ದ. ಉತ್ತರ ಬರಲಿಲ್ಲ, ಕೇಳುಗ ಬಂದ.

"ಅಮ್ಮ ಹಾಡ್ತಿದ್ದ ಸಂಜೆ ಪದ ಅವನಿಗೆ ಬಾಯಿಪಾಠ. ಇನ್ಯಾರು ಕೇಳ್ತಾರೆ ಹೇಳು?" ಎನ್ನುತ್ತಿದ್ದ ಎನ್ಸಿಯೊ.

"ಒಬ್ಬರಾದ್ರೂ ಕೇಳ್ತಿರೋವರೆಗೆ ನಡೀಲಿ," ಎಂದಿದ್ದರು ಪಾದ್ರಿ ಐಲಾ. "ಸೊನ್ನೆಯಾದ ದಿನ ನಿಲ್ಲಿಸಿಬಿಡೋಣ. ನಿಮಗಿಬ್ಬರಿಗೂ ಬಿಡುಗಡೆ."

"ಹೋದ ತಿಂಗಳು ನಿನ್ನದು ಅಪ್‌ಡೇಟ್ ಅಂತ ಪ್ರಾರ್ಥನೆ ಮಧ್ಯದಲ್ಲೇ ಮಲಗಿ ಎದ್ದಿತಲ್ಲ," ಮಾರ್ಟಿ ಕೆಣಕಿದ, "ಆ ನಾಚಿಕೆಗೆ ಅರ್ವಿನೂ ಎದ್ದುಹೋಗಿದ್ದ."

"ಕಾಫಿಗಿಡೋಕೆ ಹೋಗಿರ್ತಾನೆ. ವಾಪಸ್ಸು ಬಂದನಲ್ಲ? ನಿನ್ನ ಲಿನಕ್ಸಿಗೆ ಪ್ರಿಂಟರಿನ ಪರಿಚಯ ಮಾಡಿಸೋಕೆ ಒಂದು ಬೇಸಿಗೆ ಹಿಡೀತು, ಅದನ್ನ ನೆನಪಿಸ್ಕೊ."

ಹಳೆಯ ಬಾಣಗಳು. ಹೂಡುವ ಕೈಗಳೂ ದಣಿದಿದ್ದವು.

ಕೆಳಗೆ ಸಂಜೆಯ ಪದ ಶುರುವಾಯಿತು. ಎನ್ಸಿಯೊ ಬೆರಳು ಹೆಣೆದು, ಕಣ್ಣು ಮುಚ್ಚಿ ಕೇಳಿದ. ಮೊದಲ ಚರಣ ಮುಗಿದಾಗ ಮೆಲ್ಲನೆ ಹೇಳಿದ:

"ನನಗೆ ಸಾಕಾಯ್ತು ಕಣೋ ಮಾರ್ಟಿ. ಡಾಕ್ಟರು ಮೆಟ್ಟಿಲು ಹತ್ತಲೇಬೇಡ ಅಂತಾರೆ. ನಿನ್ನದು ಒಂದು ಸಲನೂ ಕೈಕೊಟ್ಟಿಲ್ಲ. ಒಪ್ಕೊಂಡೆ, ನೀನೇ ಗೆದ್ದೆ. ಅರ್ವಿನ ನಿನ್ನ ಲಿನಕ್ಸಿಗೆ ಒಪ್ಪಿಸಿದೀನಿ."

ತನ್ನ ಲ್ಯಾಪ್‌ಟಾಪಿನ ಮುಚ್ಚಳ ಮಡಚಿದ.

ಈ ಮಾತಿಗಾಗಿ ಮಾರ್ಟಿ ಅರ್ಧ ಆಯುಷ್ಯ ಕಾದಿದ್ದ. ಗೆದ್ದವನ ನೋಟ ತನ್ನ ಪರದೆಯ ಮೂಲೆಗೆ ಹೋಯಿತು. ಅಲ್ಲೇ ನಿಂತಿತು.

"ಇದ್ದಾನಾ?" ಎನ್ಸಿಯೊ ಕೋಟಿನ ಗುಂಡಿ ಹಾಕುತ್ತ ಕೇಳಿದ.

ಮಾರ್ಟಿ ಪರದೆಯನ್ನು ಪೂರ್ತಿ ತನ್ನ ಕಡೆಗೆ ತಿರುಗಿಸಿಕೊಂಡ.

"ಇದ್ದಾನೆ. ಎನ್ಸಿಯೊ, ನಿನ್ನದನ್ನ ತೆರೆ. ಇಲ್ಲೇ ಬಿಟ್ಟು ಹೋಗು. ಪ್ರತಿ ಭಾನುವಾರ ನಾನೇ ಹಚ್ತೀನಿ. ನನ್ನದೊಂದನ್ನೇ ನಂಬೋಕಾಗಲ್ಲ."

"ಏನಂದೆ?"

"ಲಿನಕ್ಸ್ ಒಂದನ್ನೇ ನಂಬೋಕಾಗಲ್ಲ ಅಂದೆ. ಇನ್ನೊಂದು ಸಲ ಹೇಳಿಸಬೇಡ."

ಎನ್ಸಿಯೊನ ದಣಿದ ಮುಖ ಅರಳಿತು. ಗೆದ್ದವನ ಗತ್ತಿನಲ್ಲಿ ಮುಚ್ಚಳ ಎತ್ತಿದ.

ಮಾರ್ಟಿಯ ಪರದೆಯ ಮೂಲೆಯಲ್ಲಿ ಸೊನ್ನೆ ಅಳಿದು, ಮತ್ತೆ ಒಂದು ಮೂಡಿತು.